ಪರ-ವಿರೋಧ: ಸದಾ ನಗೋ ‘ಪಾಪಿ’ ನಿಜಕ್ಕೂ ಮೆಚ್ಚೋ ಥರದವಳಾ?

ಪರ

ನಂಗೆ ‘ಪರ’ ಬಂತು, ಬರೀತೀನಿ. ನಿಜ ಹೇಳ್ಬೇಕಂದ್ರೆ ‘ಹ್ಯಾಪಿ-ಗೋ-ಲಕ್ಕಿ’ (2008) ಮೊದಲ ಸಲ ಹಾಕಿದಾಗ ಇಪ್ಪತ್ತು ನಿಮಿಷಕ್ಕೇ ಆಫ್ ಮಾಡಿದ್ದೆ, ಪೂರ್ತಿ ನೋಡಿದ್ದು ಈಗ್ಲೇ. ಮೈಕ್ ಲೀ ಸಿನಿಮಾ, ಕೈಲಿ ಸ್ಕ್ರಿಪ್ಟ್ ಇಲ್ದೇ ನಟರ ಜೊತೆ ತಿಂಗಳುಗಟ್ಟಲೆ ಕೂತು ಪಾತ್ರ ಕಟ್ಟೋ ಮನುಷ್ಯ ಆತ. ಇದ್ರಲ್ಲಿ ಸ್ಯಾಲಿ ಹಾಕಿನ್ಸ್ ಲಂಡನ್ನಿನ ಪ್ರೈಮರಿ ಸ್ಕೂಲ್ ಟೀಚರ್, ವಯಸ್ಸು 30, ಹೆಸರಷ್ಟೇ ಪಾಪಿ. ಸೈಕಲ್ ಕಳುವಾದ್ರೆ ಅಯ್ಯೋ ಟಾಟಾ ಹೇಳೋಕೂ ಆಗ್ಲಿಲ್ವಲ್ಲಾ ಅಂದ್ಕೊಂಡು ಕಾರ್ ಕಲಿಯೋಕೆ ಸೇರ್ಕೋತಾಳೆ.

ಅವಳು ನಗ್ತಾಳೆ ನಿಜ, ಆದ್ರೆ ಕೆಲಸ ಮಾಡ್ತಾಳೆ. ಕ್ಲಾಸಲ್ಲಿ ನಿಕ್ ಅನ್ನೋ ಹುಡುಗ ಬೇರೆ ಮಕ್ಕಳಿಗೆ ಹೊಡೀತಿರ್ತಾನಲ್ಲ, ಅದು ಅವಳ ಕಣ್ಣಿಗೆ ಬಿದ್ದ ತಕ್ಷಣ ಕಿಸಿಕಿಸಿ ಎಲ್ಲಾ ಬಂದ್. ಬೈಯಲ್ಲ, ಹೆದರಿಸಲ್ಲ, ಸೋಷಿಯಲ್ ವರ್ಕರ್ ಜೊತೆ ಆ ಹುಡುಗನ ಪಕ್ಕ ಕೂತು ಮಾತಾಡಿಸ್ತಾಳೆ, ಆಗ ಗೊತ್ತಾಗತ್ತೆ ಮನೇಲಿ ಅವನಮ್ಮನ ಬಾಯ್‌ಫ್ರೆಂಡ್ ಅವನಿಗೆ ಹೊಡೀತಾನೆ ಅಂತ. ನಗೋದಷ್ಟೇ ಗೊತ್ತಿರೋಳಿಗೆ ಇದು ಆಗ್ತಿತ್ತಾ? ಅದಕ್ಕೇ ಹೇಳಿದ್ದು, ಕೆಲಸ ಮಾಡ್ತಾಳೆ.

ಡ್ರೈವಿಂಗ್ ಕಲಿಸೋ ಸ್ಕಾಟ್‌ನ ತಲೆ ಕೆಡಿಸಿದ್ದು ಇವಳೇ ಅಂತ ಎದುರು ಕಡೆಯವರು ಬರೀತಾರೆ, ಗೊತ್ತು. ಅವನು ಮೊದ್ಲಿಂದಾನೂ ಜನಾಂಗದ್ವೇಷಿ, ಬಿಡಿ. ಮತ್ತೆ ಹಾಕಿನ್ಸ್‌ಗೆ ಬರ್ಲಿನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಬೆಸ್ಟ್ ಆಕ್ಟ್ರೆಸ್, ಆಮೇಲೆ ಗೋಲ್ಡನ್ ಗ್ಲೋಬ್, ಇವೆಲ್ಲ ಸುಮ್‌ಸುಮ್ನೆ ಕೊಡ್ತಾರಾ?

ವಿರೋಧ

ಪ್ರಶಸ್ತಿ ಕೊಟ್ಟಿದ್ದು ನಟನೆಗೆ ಸ್ವಾಮಿ, ಪಾತ್ರದ ನಡತೆಗಲ್ಲ.

ಶುರುವಿನಲ್ಲೇ ಪುಸ್ತಕದ ಅಂಗಡಿ ಸೀನ್ ಇದೆ. ಅಂಗಡಿಯವನು ತನ್ನ ಪಾಡಿಗೆ ತಾನು ಕೆಲಸ ಮಾಡ್ಕೊಂಡಿದಾನೆ, ಇವಳು ಹೋಗಿ ಜೋಕು, ಮತ್ತೊಂದು ಜೋಕು, ಅವನು ತಲೆ ಎತ್ತಲ್ಲ, ಇವಳು ಬಿಡಲ್ಲ. ಒಬ್ಬ ಸುಮ್ನಿದ್ರೆ ಏನ್ರೀ ತಪ್ಪು? ಇಂಥವರ ಎದುರು ನಾವು ನಗ್ಲೇಬೇಕು, ಇಲ್ದಿದ್ರೆ ನಾವೇ ಸಿಡುಕರು. ನಗು ಅನ್ನೋದು ವಸೂಲಿ ಆಗೋಗತ್ತೆ.

ಇನ್ನು ಸ್ಕಾಟ್. ಆ ಹೈ ಹೀಲ್ ಬೂಟ್ ಹಾಕ್ಕೊಂಡು ಡ್ರೈವ್ ಮಾಡ್ಬೇಡಮ್ಮ ಅಂತಾನೆ, ಮತ್ತೆ ಅದೇ ಬೂಟು. ಕನ್ನಡಿ ನೋಡೋದು ಮರೀಬಾರ್ದು ಅಂತ ‘ಎನ್-ರಾ-ಹಾ’ ಅಂತೇನೋ ಮಂತ್ರದ ಥರ ಹೇಳ್ಕೊಡ್ತಾನೆ, ಇವಳಿಗೆ ಕಿಸಿಕಿಸಿ. ಅವನ ಬಾಯಿ ಕೆಟ್ಟದ್ದು, ಒಪ್ಪಿದೆ. ಆದ್ರೆ ಪಕ್ಕದ ಸೀಟಲ್ಲಿ ಕೂತವನ ಸಂಕಟ ಏನು ಅಂತ ಕೂತವನಿಗೇ ಗೊತ್ತು.

ನಾನು ಕೂತಿದ್ದೆ. ಮದುವೆ ಆದ ಹೊಸದ್ರಲ್ಲಿ ನಮ್ಮ ಭಾಮೈದನಿಗೆ ಕಾರ್ ಕಲಿಸೋ ಪುಣ್ಯದ ಕೆಲಸ ನನ್ ತಲೆಗೆ ಬಿತ್ತು. ಡ್ರೈವಿಂಗ್ ಸ್ಕೂಲ್ ಕಾರಲ್ಲಾದ್ರೆ ಪಕ್ಕದವರ ಕಾಲಡೀಲೂ ಒಂದು ಬ್ರೇಕ್ ಇರತ್ತೆ, ನನ್ ಕಾರಲ್ಲಿ ಎಲ್ಲಿಂದ ಬರ್ಬೇಕು. ಇಂಡಿಕೇಟರ್ ಹಾಕೋ ಅಂದ್ರೆ ವೈಪರ್ ಹಾಕ್ತಿದ್ದ, ಅದು ಅತ್ತಿಂದಿತ್ತ ಆಡೋದು ನೋಡಿ ಟಾಟಾ ಮಾಡ್ತಿದೆ ಭಾವಾ ಅಂತ ತಾನೂ ಕೈ ಬೀಸ್ತಿದ್ದ, ಆ ಕೈ ಇರ್ಬೇಕಾಗಿದ್ದು ಸ್ಟೀರಿಂಗ್ ಮೇಲೆ! ಕ್ಲಚ್ ಸುಟ್ಟ ವಾಸನೆ ಬಂದ್ರೂ ನಗು, ಹಿಂದಿನ ಲಾರಿ ಹಾರ್ನ್ ಹೊಡೆದ್ರೂ ನಗು. ಮೂರನೇ ದಿನ ಬ್ರೇಕ್ ಅಂತ ಆಕ್ಸಿಲರೇಟರ್ ಒತ್ತಿ ಸೀದಾ ಕಾಂಪೌಂಡ್ ಗೋಡೆಗೆ. ನನ್ ಕೈ ಗಡಗಡ ನಡುಗ್ತಿದೆ, ಅವನು ಇಳಿದು ಮುಂದೆ ಹೋಗಿ, ಒಂದೇ ಹೆಡ್‌ಲೈಟ್ ಉಳ್ದಿರೋದು ನೋಡಿ, ‘ಭಾವಾ, ಕಾರು ಕಣ್ ಹೊಡೀತಿದೆ!’ ಅಂತಾನೆ. ಅವತ್ತು ನಾನು ಆಡಿದ ಮಾತು ಸ್ಕಾಟ್ ಕೂಡ ಆಡಿರ್ಲಿಲ್ಲ. ಹೆಂಡ್ತಿ ಎರಡು ದಿನ ಮಾತು ಬಿಟ್ಟಳು, ಅವನ ಜೊತೆ ಅಲ್ಲ, ನನ್ ಜೊತೆ. ನಗೋರ ಹಣೆಬರಹಾನೇ ಅಷ್ಟು ಚೆನ್ನಾಗಿರತ್ತೆ, ಕೊನೆಗೆ ಕೆಟ್ಟವರಾಗೋದು ಪಕ್ಕದಲ್ಲಿ ಕೂತವರು.

ಕೊನೇಲಿ ಸ್ಕಾಟ್ ಹುಚ್ಚೆದ್ದು ಗಾಡಿ ಓಡಿಸ್ದಾಗ ಪಾಪಿ ಕೀ ಇಸ್ಕೊಂಡು, ಓಡಿಸೋಕೆ ಬಿಡಲ್ಲ ಅಂತ ಗಟ್ಟಿಯಾಗಿ ನಿಲ್ತಾಳಲ್ಲ ಅಂತೀರಾ? ಸರಿ, ಆ ಸೀನ್ ಒಂದು ಬಿಡಿ.

ನಮ್ ಭಾಮೈದ ಈಗ ಚೆನ್ನಾಗೇ ಓಡಿಸ್ತಾನೆ, ಹಬ್ಬಕ್ಕೆ ನಮ್ಮನ್ನೆಲ್ಲ ಊರಿಗೆ ಕರ್ಕೊಂಡು ಹೋಗೋನೂ ಅವನೇ. ದಾರಿ ಪೂರ್ತಿ ಜೋಕು, ಹಿಂದಿನ ಸೀಟಲ್ಲಿ ಮಕ್ಕಳು ಬಿದ್ದು ಬಿದ್ದು ನಗ್ತಿರ್ತಾರೆ, ನಾನು ಮುಂದೆ ಕೂತು ಇಲ್ಲದ ಬ್ರೇಕ್ ಒತ್ತಾ ಇರ್ತೀನಿ.