ಪೀಠಿಕೆ ಸಾಕು, ಪ್ರಸಂಗಕ್ಕೆ ಬನ್ನಿ

ಅಮೆರಿಕದ ರ‍್ಯಾಪರ್ ಕೆಂಡ್ರಿಕ್ ಲಮಾರ್‌ನ ಮುಂದಿನ ಆಲ್ಬಂ ಯಾವಾಗ ಎಂಬ ಚರ್ಚೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹುಡುಗರಿಗೆ ದಿನಾ ಬೇಕು. ಊರಿನಲ್ಲಿ, ಅಂದರೆ ಉಡುಪಿ ಹತ್ತಿರದ ಬ್ರಹ್ಮಾವರದಲ್ಲಿ, ನನ್ನ ಹತ್ತಿರ ಅದನ್ನು ಕೇಳುವವನು ಅಕ್ಕನ ಮಗ ಒಬ್ಬನೇ. ಆದರೂ ಆ ಹಾಡುಗಳನ್ನು ಕೇಳಬಲ್ಲ ಕಿವಿ ಇರುವುದು ಡೊಂಬಿವಲಿಯಲ್ಲಲ್ಲ, ಅಕ್ಕನ ಮನೆಯ ಚಾವಡಿಯಲ್ಲೇ ಎಂದು ನನಗೆ ಇತ್ತೀಚೆಗೆ ಗಟ್ಟಿಯಾಗಿ ಅನಿಸತೊಡಗಿದೆ. ಅರ್ಧ ಆಯುಷ್ಯ ಮುಂಬೈಯಲ್ಲಿ ಕಳೆದವನ ಮಾತಿದು, ಊರಿನ ಮೋಹ ಸ್ವಲ್ಪ ಬೆರೆತಿರಬಹುದು.

ಭಾವನಿಗೆ ರ‍್ಯಾಪ್ ಅಂದರೆ ಬೈಗುಳ. 2018ರಲ್ಲಿ ಕೆಂಡ್ರಿಕ್‌ನ ‘ಡ್ಯಾಮ್’ ಆಲ್ಬಮ್ಮಿಗೆ ಪುಲಿಟ್ಜರ್ ಬಂತು, ಸಂಗೀತದ ಆ ಬಹುಮಾನ ಅಲ್ಲಿಯವರೆಗೆ ಶಾಸ್ತ್ರೀಯ ಮತ್ತು ಜಾಝ್ ಬಿಟ್ಟು ಆಚೆ ಹೋದದ್ದೇ ಇಲ್ಲ ಎಂದು ನಾನು ಹೇಳಿದರೆ ಅವರು, “ಆ ಗಲಾಟೆಗೂ ಬಹುಮಾನ ಉಂಟಾ ಭಾವ?” ಎಂದು ನಕ್ಕರು. ಇದೇ ಮನುಷ್ಯ ಯಕ್ಷಗಾನದ ತಾಳಮದ್ದಳೆಗೆ ಕೂತರೆ ನಾಲ್ಕು ಗಂಟೆ ಅಲ್ಲಾಡುವುದಿಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ್ಯ ಹಾಡಿದರೆ ಪಂಚೆ, ಶಾಲು ಹಾಕಿ ಕೂತ ಅರ್ಥಧಾರಿ ಆ ನಾಲ್ಕು ಸಾಲು ಹಿಡಿದು ಅರ್ಧ ಗಂಟೆ ಮಾತಾಡುತ್ತಾನೆ, ಆ ಮಾತಿಗೇ ‘ಅರ್ಥ’ ಅನ್ನುವುದು. ಚೆಂಡೆ ಮದ್ದಳೆಯ ನಡುವೆ ಬರೀ ಮಾತಿನಲ್ಲಿ ಒಬ್ಬ ಮನುಷ್ಯನನ್ನು ಎಬ್ಬಿಸಿ ನಿಲ್ಲಿಸುವ ಕಲೆ. ಅದನ್ನು ಕೇಳಿ ಪಳಗಿದವರಿಗೆ ಕ್ಯಾಲಿಫೋರ್ನಿಯಾದ ಕಾಂಪ್ಟನ್ನಿನ ಈ ಹುಡುಗ ಕೆಂಡ್ರಿಕ್ ಮಾಡುತ್ತಿರುವುದೇನು ಎಂದು ತಿಳಿಯಲು ಇಂಗ್ಲಿಷ್ ಒಂದೇ ಅಡ್ಡಿ.

ಹೋದ ಸಲ ಮಳೆಗಾಲದಲ್ಲಿ ಊರಿಗೆ ಹೋದಾಗ ಅಳಿಯ ಆ ಅಡ್ಡಿಯನ್ನೂ ತೆಗೆದ. ಕೆಂಡ್ರಿಕ್‌ನ 2012ರ ಆಲ್ಬಂ ‘ಗುಡ್ ಕಿಡ್, ಮ್ಯಾಡ್ ಸಿಟಿ’ಯಲ್ಲಿ ‘ಸಿಂಗ್ ಅಬೌಟ್ ಮಿ, ಐಯಾಮ್ ಡೈಯಿಂಗ್ ಆಫ್ ಥರ್ಸ್ಟ್’ ಎಂಬ ಹನ್ನೆರಡು ನಿಮಿಷದ ಹಾಡು ಉಂಟು. ಅಳಿಯ ಫೋನಿನಲ್ಲಿ ಅದನ್ನು ಹಾಕಿ, ನಾಲ್ಕು ಸಾಲಿಗೊಮ್ಮೆ ನಿಲ್ಲಿಸಿ ನಿಲ್ಲಿಸಿ ಅಪ್ಪನಿಗೆ ಅರ್ಥ ಹೇಳಿದ. ಮೊದಲ ಭಾಗದಲ್ಲಿ ಮಾತಾಡುವವನು ಕೆಂಡ್ರಿಕ್ ಅಲ್ಲ, ಗುಂಡೇಟಿಗೆ ಸತ್ತ ಗೆಳೆಯನೊಬ್ಬನ ತಮ್ಮ. ಅಣ್ಣ ಸಾಯುವಾಗ ನೀನು ಜತೆಗಿದ್ದೆಯಲ್ಲ, ಅದಕ್ಕೆ ಋಣಿ ಅನ್ನುತ್ತಾನೆ. ಸೇಡು ತೀರಿಸದೆ ಬಿಡುವುದಿಲ್ಲ ಎಂದೂ ಅನ್ನುತ್ತಾನೆ. ಕೊನೆಗೆ, ನಿನ್ನ ಆಲ್ಬಂ ಹೊರಬರುವ ಮೊದಲೇ ನಾನು ಸತ್ತರೆ ಎಂದು ಶುರುಮಾಡುತ್ತಾನೆ, ಮಾತು ಮುಗಿಯುವುದಿಲ್ಲ, ಗುಂಡು ಹಾರುತ್ತದೆ. ಬೀಟ್ ಮಾತ್ರ ಮುಂದುವರಿಯುತ್ತದೆ.

ಎರಡನೆಯ ಭಾಗದಲ್ಲಿ ಒಬ್ಬ ಹೆಣ್ಣು. ಇವಳ ಅಕ್ಕ ಬೀದಿಯಲ್ಲಿ ಮೈ ಮಾರಿಕೊಂಡು ಬದುಕಿ, ಕೊಲೆಯಾಗಿ ಸತ್ತವಳು. ಆ ಅಕ್ಕನ ಕಥೆಯನ್ನು ಕೆಂಡ್ರಿಕ್ 2011ರ ‘ಸೆಕ್ಷನ್ 80’ಯಲ್ಲಿ ಹಾಡಾಗಿ ಮಾಡಿದ್ದ. ಈಗ ತಂಗಿ ಬಂದು ಅವನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ. ನನ್ನ ಅಕ್ಕನ ಸುದ್ದಿ ಊರಿಗೆಲ್ಲ ಹೇಳಲು ನೀನು ಯಾರು? ನಾನೂ ಅದೇ ಕೆಲಸ ಮಾಡುತ್ತೇನೆ, ನಿನ್ನ ಕನಿಕರ ನನಗೆ ಬೇಡ, ನಾನೇನು ಮಾಸಿ ಹೋಗುವವಳಲ್ಲ ಎಂದು ಹೇಳುತ್ತಲೇ ಇರುತ್ತಾಳೆ. ಹೇಳುತ್ತಾ ಹೇಳುತ್ತಾ ದನಿ ಸಣ್ಣಗಾಗಿ, ಮಾತು ಇನ್ನೂ ಇರುವಂತೆಯೇ ಕೇಳದಾಗುತ್ತದೆ.

ಇಲ್ಲಿ ಭಾವ ಕುರ್ಚಿಯಲ್ಲಿ ಮುಂದಕ್ಕೆ ಬಂದರು. “ಒಂದು ನಿಮಿಷ ನಿಲ್ಲಿಸು ಮಾರಾಯ. ಅವಳು ಬೈಯುವುದು ಹಾಡುವವನಿಗೇ ಅಲ್ವಾ? ಆ ಮಾತು ಬರೆದದ್ದೂ ಅವನೇ ಅಲ್ವಾ?” ಹೌದು ಎಂದ ಅಳಿಯ. “ಹಾಗಾದರೆ ಇದು ವಾಲಿಯ ಅರ್ಥ.”

ನನಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಎಲ್ಲೂ ಸಿಕ್ಕಿಲ್ಲ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕ್ಯಾಸೆಟ್ಟಿನಲ್ಲಾದರೂ ಕೇಳಿದವರಿಗೆ ಭಾವ ಹೇಳಿದ್ದು ಏನೆಂದು ಗೊತ್ತಾಗುತ್ತದೆ. ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ಎದೆಗೆ ಬಾಣ ನೆಟ್ಟವನು ಪ್ರಶ್ನಿಸುತ್ತಾನೆ. ಕೇಳುವವರೆಲ್ಲ ರಾಮನಿಗೆ ಕೈಮುಗಿಯುವವರೇ. ಆದರೂ ಆ ಹೊತ್ತಿಗೆ ವಾಲಿಯ ಮಾತಿಗೆ ತಲೆದೂಗದವರಿಲ್ಲ. ಎದುರಾಳಿಗೆ ಸಪ್ಪೆ ಮಾತು ಕೊಟ್ಟು ತಾನು ಗೆದ್ದರೆ ಅದು ಗೆಲುವಲ್ಲ ಎಂಬುದು ಕರಾವಳಿಯಲ್ಲಿ ಚಹಾ ಅಂಗಡಿಯಲ್ಲಿ ಕೂತವರಿಗೂ ಗೊತ್ತು. ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ನಡೆಯುವ ಜಗಳವೂ ಅದೇ: ರಾಮ ಕೊಟ್ಟ ಉತ್ತರ ಸಾಕಾಯಿತಾ, ಇಲ್ಲವಾ?

ಮುಂಬೈಯ ಕೇಳುವಿಕೆ ಬೇರೆ. ಮಳೆಗಾಲದಲ್ಲಿ ಊರಿನ ಅರ್ಥಧಾರಿಗಳು ಇಲ್ಲಿಗೂ ಬರುತ್ತಾರೆ, ಸಂಘದ ಸಭಾಂಗಣದಲ್ಲಿ ತಾಳಮದ್ದಳೆ ಆಗುತ್ತದೆ. ಆದರೆ ಸಭಾಂಗಣದ ಬಾಡಿಗೆ ಇಷ್ಟೇ ಹೊತ್ತಿಗೆ, ಅತಿಥಿಗಳ ಸನ್ಮಾನ ಒಂದಷ್ಟು, ಆಮೇಲೆ ಎಲ್ಲರಿಗೂ ಲೋಕಲ್ ಹಿಡಿಯುವ ತಲೆಬಿಸಿ. ವಾಲಿ ಇನ್ನೂ ಎರಡನೇ ಪ್ರಶ್ನೆಯಲ್ಲಿರುವಾಗಲೇ ಹಿಂದಿನ ಸಾಲು ಖಾಲಿ. (ಊರಲ್ಲೂ ಈಗ ಕಾಲಮಿತಿಯ ಆಟಗಳೇ ಹೆಚ್ಚು, ಹಾಗಾಗಿ ಬರೀ ಮುಂಬೈಯನ್ನು ದೂರುವುದು ಸರಿಯಲ್ಲ.) ನಮ್ಮ ಹುಡುಗರು ರ‍್ಯಾಪ್ ಕೇಳುವುದೂ ಹೀಗೆಯೇ. ಹದಿನೈದು ಸೆಕೆಂಡಿನ ಖಡಕ್ ಸಾಲು ಹೆಕ್ಕಿ ಸ್ಟೇಟಸ್ಸಿಗೆ ಹಾಕುತ್ತಾರೆ. ಹನ್ನೆರಡು ನಿಮಿಷದ ಆ ಹಾಡನ್ನು ಪೂರ್ತಿ ಕೇಳಿದವರು ನಮ್ಮ ಬಿಲ್ಡಿಂಗಿನಲ್ಲಿ ಎಷ್ಟು ಮಂದಿಯೋ.

ಆದರೆ ಒಂದು ವಿಷಯದಲ್ಲಿ ಮುಂಬೈ ಮುಂದೆ. ಇಲ್ಲಿಯ ಹುಡುಗರು ತಮ್ಮ ಗಲ್ಲಿಯನ್ನು ಹಾಡಲು ಯಾರ ಅಪ್ಪಣೆಗೂ ಕಾಯಲಿಲ್ಲ. 2015ರಲ್ಲಿ ಇಲ್ಲಿಯ ರ‍್ಯಾಪರ್‌ಗಳಾದ ಡಿವೈನ್ ಮತ್ತು ನೇಝಿ ‘ಮೇರೆ ಗಲ್ಲಿ ಮೇ’ ತಂದಾಗ ಅಂಧೇರಿ, ಕುರ್ಲಾಗಳ ಓಣಿ ಹಾಗೇ ಹಾಡಿನೊಳಗೆ ಬಂತು. ಮಂಗಳೂರು, ಉಡುಪಿ ಕಡೆಯ ಹುಡುಗರು ಕಳುಹಿಸುವ ತುಳು, ಕನ್ನಡ ರ‍್ಯಾಪ್‌ನಲ್ಲಿ ನಾನು ಕೇಳಿದ ಮಟ್ಟಿಗೆ ಬಹುಪಾಲು, ನಾನು ಯಾರು ಗೊತ್ತುಂಟಾ, ನನ್ನ ಎದುರು ನಿಲ್ಲುವವನು ಯಾರು ಎಂಬುದೇ. ಅದು ತಪ್ಪೆಂದು ನಾನು ಹೇಳುವುದಿಲ್ಲ. ತಾಳಮದ್ದಳೆಯಲ್ಲೂ ಪ್ರತಿ ಪಾತ್ರ ಬಂದು ಕೂತ ಕೂಡಲೇ ತಾನು ಯಾರೆಂದು ತನ್ನ ಪೀಠಿಕೆ ಹೇಳುತ್ತದೆ. ರಾವಣನ ಪೀಠಿಕೆ ಕೇಳಿ, ಅದಕ್ಕಿಂತ ದೊಡ್ಡ ಜಂಭ ಯಾವ ರ‍್ಯಾಪರ್ ಕೊಚ್ಚಿಯಾನು? ಆದರೆ ಪೀಠಿಕೆಯಲ್ಲೇ ರಾತ್ರಿ ಕಳೆದರೆ ಪ್ರಸಂಗ, ಅಂದರೆ ಕಥೆ, ಯಾವಾಗ ಮಾರಾಯ್ರೆ?

ಕೆಂಡ್ರಿಕ್‌ನ ‘ಡಕ್ವರ್ತ್’ ಹಾಡನ್ನು ಇದೇ ಕಾರಣಕ್ಕೆ ನಾನು ಎಲ್ಲರಿಗೂ ಕೇಳಿಸುತ್ತೇನೆ. ‘ಡ್ಯಾಮ್’ನ ಕೊನೆಯ ಹಾಡು. ಕೆಎಫ್‌ಸಿ ಕೌಂಟರಿನಲ್ಲಿ ಕೆಲಸ ಮಾಡುವ ಒಬ್ಬ, ಅದನ್ನು ದೋಚಲು ಹೊಂಚು ಹಾಕುವ ಇನ್ನೊಬ್ಬ. ಈ ಹಿಂದೆ ಅಲ್ಲಿ ದರೋಡೆಯಾಗಿ ಗುಂಡು ಹಾರಿದ್ದು ಕೌಂಟರಿನವನಿಗೆ ಗೊತ್ತು, ಆ ಗಿರಾಕಿಗೆ ಬಿಟ್ಟಿ ಕೋಳಿ ಕೊಟ್ಟು, ಎರಡು ಬಿಸ್ಕೆಟ್ ಹೆಚ್ಚಿಗೆ ಹಾಕಿ ಒಲಿಸಿಕೊಳ್ಳುತ್ತಾನೆ. ಅದರಿಂದ ಬದುಕಿ ಉಳಿಯುತ್ತಾನೆ. ಕೌಂಟರಿನವನು ಕೆಂಡ್ರಿಕ್‌ನ ಅಪ್ಪ. ದೋಚಲು ಬಂದವನು ಆಂಥೊನಿ ಟಿಫಿತ್, ಮುಂದೆ ಕೆಂಡ್ರಿಕ್‌ನನ್ನು ತನ್ನ ಕಂಪನಿಗೆ ಸೇರಿಸಿಕೊಂಡು ಬೆಳೆಸಿದವನು. ಅಪ್ಪ ಅಂದು ಸತ್ತಿದ್ದರೆ ಎಂಬಲ್ಲಿಗೆ ಬಂದು ಹಾಡು ಗುಂಡಿನ ಸದ್ದಿನೊಂದಿಗೆ ನಿಲ್ಲುತ್ತದೆ, ಇಡೀ ಆಲ್ಬಂ ಹಿಂದಕ್ಕೆ ಸುತ್ತಿ ಮೊದಲ ಸಾಲಿಗೆ ಬರುತ್ತದೆ. ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಗಲ್ಲೆಯಲ್ಲಿ ಕೂತ ನಮ್ಮವರ ಹತ್ತಿರ ಇಂಥ ಕಥೆಗಳಿಲ್ಲವೇ? ಹಫ್ತಾ ಕೇಳಲು ಬಂದವನಿಗೆ ಇಡ್ಲಿ ಕೊಟ್ಟು ಕೂರಿಸಿದವರು ಎಷ್ಟಿಲ್ಲ! ಯಾರೂ ಹಾಡು ಕಟ್ಟಲಿಲ್ಲ ಅಷ್ಟೆ.

ಅಭಿಮಾನಿಯಾಗಿಯೂ ಒಂದು ತಕರಾರು ಹೇಳಿಬಿಡುತ್ತೇನೆ. 2024ರಲ್ಲಿ ಇನ್ನೊಬ್ಬ ರ‍್ಯಾಪರ್ ಡ್ರೇಕ್ ಜತೆಗಿನ ಜಗಳದಲ್ಲಿ ಹುಟ್ಟಿದ ‘ನಾಟ್ ಲೈಕ್ ಅಸ್’ ಜಗತ್ತನ್ನೆಲ್ಲ ಕುಣಿಸಿತು, ಮರುವರ್ಷ ಐದು ಗ್ರ್ಯಾಮಿ ಗೆದ್ದಿತು, ಅಮೆರಿಕನ್ ಫುಟ್ಬಾಲಿನ ಫೈನಲ್ ಆದ ಸೂಪರ್ ಬೌಲ್ ಮೈದಾನದಲ್ಲೂ ಮೊಳಗಿತು. ನಾನೂ ಕುಣಿದೆ. ಆದರೆ ಅಲ್ಲಿ ವಾಲಿ ಇಲ್ಲ. ಎದುರಿನವನಿಗೆ ಬಾಯಿಯೇ ಇಲ್ಲ, ಬರೀ ಏಟು. ಭಾವನಿಗೆ ಆ ಹಾಡು ಮೊದಲು ಕೇಳಿಸಿದ್ದರೆ, “ನಾನು ಹೇಳಲಿಲ್ವಾ, ಬೈಗುಳ” ಅನ್ನುತ್ತಿದ್ದರು, ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಮುಂದಿನ ಆಲ್ಬಂನಿಂದ ನನ್ನ ಆಸೆ ಇಷ್ಟು: ಆ ತಂಗಿಯ ಹಾಗೆ ಅವನನ್ನು ಎದುರು ನಿಲ್ಲಿಸಿ ಕೇಳುವ ಒಂದು ಪಾತ್ರ ಮತ್ತೆ ಬರಲಿ.

ಯಾವಾಗ ಬರುತ್ತದೋ, ಅದು ಅವನ ಮರ್ಜಿ. 2017ರ ನಂತರ ಐದು ವರ್ಷ ಕಾಯಿಸಿ 2022ರಲ್ಲಿ ಒಂದು ಆಲ್ಬಂ ಕೊಟ್ಟ. ‘ಜಿಎನ್‌ಎಕ್ಸ್’ ಅನ್ನು 2024ರ ನವೆಂಬರಿನಲ್ಲಿ ಸುಳಿವೇ ಕೊಡದೆ ಬಿಟ್ಟ. ಡೊಂಬಿವಲಿಯ ಹುಡುಗರಿಗೆ ಈ ಕಾಯುವಿಕೆ ಚಿತ್ರಹಿಂಸೆ. ಮಂದಾರ್ತಿಯ ಯಕ್ಷಗಾನ ಮೇಳಕ್ಕೆ ಹರಕೆಯ ಆಟ ಬರೆಸಿ, ತಮ್ಮ ಸರದಿಗೆ ವರ್ಷಗಟ್ಟಲೆ ಕಾಯುವ ಅಕ್ಕ ಭಾವಂದಿರಿಗೆ ಇದೊಂದು ಕಾಯುವಿಕೆಯೇ ಅಲ್ಲ.

ಕಾಯುವ ಇನ್ನೊಂದು ಹಾಡು ಅಳಿಯನದ್ದು. ಮಲ್ಪೆ ಬಂದರಿನ ಬಗ್ಗೆ ಗೆಳೆಯರ ಜತೆ ಒಂದು ರ‍್ಯಾಪ್ ಬರೆಯುತ್ತಿದ್ದಾನೆ, ಉಡುಪಿ ಕಡೆಯ ಕನ್ನಡದಲ್ಲಿ, ನಡುನಡುವೆ ತುಳು. ಮೊದಲ ಭಾಗ ನನಗೆ ಕಳುಹಿಸಿದ. ಬೀಟ್ ಚೆನ್ನಾಗಿದೆ, ಪ್ರಾಸ ಇನ್ನೂ ಚೆನ್ನಾಗಿದೆ, ಎಲ್ಲ ಪೀಠಿಕೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ, ಬಲೆ ಹೆಣೆಯುವವರು ಪುರುಸೊತ್ತಿನಲ್ಲಿ ಸಿಗುತ್ತಾರೆ, ಹೋಗಿ ಕೂತುಕೋ ಎಂದೆ. ಹೋದ. ಮೀನು ಮಾರುವ ಹೆಂಗಸೊಬ್ಬರು ಅವನನ್ನೂ ಮೊಬೈಲನ್ನೂ ನೋಡಿ, ನಮ್ಮ ಕಷ್ಟ ಹಾಡಿ ನೀನು ಹೆಸರು ಮಾಡುವುದಾ, ನಮಗೆಂತ ಸಿಗುತ್ತದೆ ಎಂದು ಚೆನ್ನಾಗಿ ಬೈದರಂತೆ. “ಬೇಜಾರಾಯಿತು ಮಾವ” ಎಂದು ಫೋನು ಮಾಡಿದ.

ಎರಡನೇ ಭಾಗ ಪೂರ್ತಿ ಆ ಹೆಂಗಸಿಗೆ ಬಿಟ್ಟುಕೊಡು, ಒಂದು ಮಾತೂ ತಗ್ಗಿಸಬೇಡ ಎಂದಿದ್ದೇನೆ. ಮೂರನೆಯದರಲ್ಲಿ ನೀನು ಏನು ಉತ್ತರ ಕೊಡುತ್ತೀ ಎಂದು ಕೇಳಲು ನಾನೂ ನಿನ್ನಪ್ಪನೂ ಕೂತಿರುತ್ತೇವೆ.