ಎರಡು ಸಲ ಇಳಿದರೆ ಒಂದು ರೋಮ್

ದೂರದಿಂದಲೇ ಗೋಪುರ ಕಂಡು ಕೈಮುಗಿದು ಅಭ್ಯಾಸವಾದ ನನಗೆ, ವೇಲ್ಸ್‌ನ ಪಶ್ಚಿಮದ ತುದಿಯಲ್ಲಿರುವ ಸೇಂಟ್ ಡೇವಿಡ್ಸ್‌ನಲ್ಲಿ ಬಸ್ಸಿಳಿದು ಕಣ್ಣಾಡಿಸಿದಾಗ ಅಂಥದ್ದೇನೂ ಕಾಣಿಸದೆ, ಬೇರೆ ಯಾವುದೋ ಊರಿನಲ್ಲಿ ಇಳಿದುಬಿಟ್ಟೆವೇನೋ ಎಂಬ ಅನುಮಾನ ಹುಟ್ಟಿತು. ಎರಡು ಸಾವಿರ ಜನರೂ ಇಲ್ಲದ, ರೈಲೂ ಬಾರದ ಈ ಊರು ಬ್ರಿಟನ್ನಿನ ಅತಿ ಚಿಕ್ಕ ನಗರ. ಕೆಥೆಡ್ರಲ್, ಅಂದರೆ ಬಿಷಪ್ಪರ ಪೀಠವಿರುವ ಚರ್ಚು, ಇರುವ ಊರೆಂಬ ಹಳೆಯ ಗೌರವಕ್ಕೆ 1994ರಲ್ಲಿ ಎರಡನೆಯ ಎಲಿಜಬೆತ್ ರಾಣಿ ಇದಕ್ಕೆ ನಗರದ ಪಟ್ಟವನ್ನು ಮರಳಿ ಕೊಟ್ಟರು. ಆ ಕೆಥೆಡ್ರಲ್ಲಾದರೋ ಒಂದು ತಗ್ಗಿನಲ್ಲಿ ಅಡಗಿ ಕುಳಿತಿದೆ. ಕಡಲ್ಗಳ್ಳರ ಕಣ್ಣಿಗೆ ಬೀಳದಿರಲೆಂದು ಹಿಂದಿನವರು ಆ ಜಾಗವನ್ನು ಆರಿಸಿದರಂತೆ. ಆದರೂ ವೈಕಿಂಗರು ಹುಡುಕಿಕೊಂಡು ಬಂದು 999ರಲ್ಲಿ ಬಿಷಪ್ಪರನ್ನೇ ಕೊಂದುಹೋದರು. ಮೊಬೈಲಿನಲ್ಲಿ ನಕ್ಷೆ ಹಿಡಿದಿದ್ದ ನಾನು ಮಾತ್ರ ಅದರ ಪಕ್ಕದಲ್ಲೇ ಎರಡು ಸಲ ಹಾದುಹೋದೆ.

ಹೆಬ್ಬಾಗಿಲಿನಿಂದ ಕೆಳಗೆ 39 ಮೆಟ್ಟಿಲುಗಳಿವೆ. ಇಂಗ್ಲೆಂಡಿನ ಚರ್ಚಿನ 39 ಧರ್ಮಸೂತ್ರಗಳ ಹೆಸರನ್ನೇ ಅವಕ್ಕೂ ಇಟ್ಟಿದ್ದಾರೆ. 1181ರಲ್ಲಿ ಕಟ್ಟಲು ತೊಡಗಿದ ಈ ಕಟ್ಟಡದ ಒಳಗಿನ ನೆಲ ಪೂರ್ವದಿಂದ ಪಶ್ಚಿಮಕ್ಕೆ ಇಳಿಜಾರಾಗಿದೆ, ಕಂಬಗಳು ಹೊರಕ್ಕೆ ವಾಲಿವೆ. ಈ ಸಂಗತಿ ನನಗೆ ತಿಳಿದದ್ದು ಗೋಡೆಗೆ ಒರಗಿಸಿದ ನಮ್ಮ ಕೊಡೆ ಎರಡು ಸಲ ಜಾರಿ ಬಿದ್ದು, ಆ ಸದ್ದು ಓಕ್ ಮರದ ಚಾವಣಿಯವರೆಗೂ ಮೊಳಗಿದಾಗ. ಒಬ್ಬ ಹಿರಿಯರು ಬಹಳ ವಿನಯದಿಂದ ಬಾಗಿಲ ಬಳಿಯ ಕೊಡೆಬುಟ್ಟಿಯನ್ನು ತೋರಿಸಿದರು.

ಗಾಯಕವೃಂದದ ಆಸನಗಳಿಗೆ ಮಡಚುವ ಹಲಗೆಗಳಿವೆ. ದೀರ್ಘ ಪ್ರಾರ್ಥನೆಯಲ್ಲಿ ನಿಂತು ಸೋತ ಪಾದ್ರಿಗಳು, ನಿಂತಂತೆಯೂ ಕಾಣುತ್ತ ಕುಳಿತಂತೆಯೂ ಇರಲೆಂದು ಅವುಗಳ ಅಡಿಯಲ್ಲಿ ಸಣ್ಣ ಆಸರೆಗಳನ್ನು ಕೊರೆದಿದ್ದಾರೆ. ಹೈಸ್ಕೂಲಿನ ಪ್ರಾರ್ಥನೆಯ ಸಾಲಿನಲ್ಲಿ ಇಂಥದ್ದೊಂದು ನಮಗೂ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು. ಅಂಥ ಒಂದು ಆಸರೆಯಲ್ಲಿ, ದೋಣಿಯಲ್ಲಿ ಹೊಟ್ಟೆ ತೊಳಸಿ ಒದ್ದಾಡುತ್ತಿರುವ ಪ್ರಯಾಣಿಕನೊಬ್ಬನ ಕೆತ್ತನೆಯಿದೆ. ಬೆಳಿಗ್ಗೆ ತಿರುವುಗಳ ದಾರಿಯಲ್ಲಿ ಬಸ್ಸಿನ ಕಿಟಕಿಗೆ ಮುಖವಿಟ್ಟುಕೊಂಡು ಬಂದಿದ್ದ ನನಗೆ, ಇಡೀ ಕಟ್ಟಡದಲ್ಲಿ ತೀರ ಆಪ್ತನೆನಿಸಿದವನು ಅವನೇ.

ಹನ್ನೆರಡನೆಯ ಶತಮಾನದಲ್ಲಿ ಪೋಪ್ ಎರಡನೆಯ ಕ್ಯಾಲಿಕ್ಸ್ಟಸ್, ಇಲ್ಲಿಗೆ ಎರಡು ಸಲ ಯಾತ್ರೆ ಬಂದರೆ ರೋಮಿಗೆ ಒಮ್ಮೆ ಹೋದಷ್ಟೇ ಪುಣ್ಯವೆಂದು ಸಾರಿದರಂತೆ. ಮೂರು ಸಲ ಬಂದರೆ ಜೆರುಸಲೇಮಿಗೆ ಸಮವೆಂಬ ಮಾತೂ ಇದೆ. ಮಾಲೂರಿನ ಹತ್ತಿರ ಚಿಕ್ಕ ತಿರುಪತಿ ಇಟ್ಟುಕೊಂಡಿರುವ ನಮಗೆ ಈ ಲೆಕ್ಕಾಚಾರ ಕಷ್ಟವೇನಲ್ಲ.

ದರ್ಶನ ಮುಗಿಸಿ ಏದುಸಿರು ಬಿಡುತ್ತ ಮೇಲೆ ಬಂದಾಗ ಮಳೆ ಹನಿಯತೊಡಗಿತು.

"ರೀ, ಕೊಡೆ ಎಲ್ಲಿ?" ಎಂದಳು ಹೆಂಡತಿ.

ಮರುಮಾತಾಡದೆ ಇಳಿದೆ, ಬುಟ್ಟಿಯಲ್ಲಿದ್ದ ಕಪ್ಪು ಕೊಡೆಯನ್ನು ಎಳೆದುಕೊಂಡು ಹತ್ತಿದೆ. ಎರಡನೆಯ ಯಾತ್ರೆಯೂ ಆಯಿತಾದ್ದರಿಂದ ರೋಮಿನ ಟಿಕೆಟ್ಟಿನ ಹಣ ಉಳಿಯಿತೆಂದು ಘೋಷಿಸಿದೆ. ಅವಳು ಕೊಡೆ ಬಿಚ್ಚಿ ನೋಡಿದಳು.

"ಇದು ನಮ್ಮದಲ್ಲ. ನಮ್ಮದರಲ್ಲಿ ಒಂದು ಕಡ್ಡಿ ಮುರಿದಿತ್ತಲ್ವಾ?"

ಮತ್ತೆ ಇಳಿದೆ. ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬರು ಕಡ್ಡಿ ಮುರಿದ ನಮ್ಮ ಕೊಡೆಯನ್ನು ಅರ್ಧ ಬಿಚ್ಚಿ, ಈ ಪವಿತ್ರ ಸ್ಥಳದಲ್ಲಿ ತಮಗೇ ಹೀಗೇಕಾಯಿತೆಂಬಂತೆ ನೋಡುತ್ತ ನಿಂತಿದ್ದರು. ನಾನು ಅವರ ಕೊಡೆಯನ್ನು ಮುಂದೆ ಚಾಚಿದಾಗ, ಕದ್ದವನು ನಾನಾಗಿದ್ದರೂ, ಅಲ್ಲಿನವರ ರೂಢಿಯಂತೆ ಅವರೇ ಎರಡು ಸಲ 'ಸಾರಿ' ಹೇಳಿದರು. ಹತ್ತಿದ್ದು, ಇಳಿದದ್ದು ಎಲ್ಲ ಸೇರಿ 234 ಮೆಟ್ಟಿಲು ಮುಗಿಸಿ ಹೆಬ್ಬಾಗಿಲು ಮುಟ್ಟಿದಾಗ ಮಳೆ ನಿಂತಿತ್ತು, ನಮ್ಮ ಬಸ್ಸು ಹೊರಟುಹೋಗಿತ್ತು. ಮೂರೂ ಯಾತ್ರೆ ಮುಗಿಯಿತೆಂದು ನೆನಪಿಸಿದೆ.

"ಸರಿ," ಎಂದಳು ಅವಳು. "ಜೆರುಸಲೇಮಿನಿಂದ ಮುಂದಿನ ಬಸ್ಸು ಎಷ್ಟು ಹೊತ್ತಿಗೆ?"