ಸತ್ಯಾಂಶ: ಚಷ್ಮಾ ಹಾಕಿದ್ರ ನಂಬರ್ ಏರತೈತಂತ, ಖರೇನ?

ನಮ್ಮ ವಿಜಯಪುರದ ಫ್ಯಾಮಿಲಿ ಗ್ರೂಪ್‌ನ್ಯಾಗ ಮತ್ತ ಅದ ಫಾರ್ವರ್ಡ್ ಬಂದೈತಿ, "ಮಕ್ಕಳಿಗೆ ಚಷ್ಮಾ ಹಾಕಿಸಬ್ಯಾಡ್ರಿ, ಕಣ್ಣಿಗೆ ರೂಢಿ ಆಗಿ ನಂಬರ್ ಏರತೈತಿ" ಅಂತ. ನಮ್ಮ ಅತ್ತಿಯವ್ರು ಅದನ್ನ ಓದಿ ನನ್ನ ಮಗನ ಚಷ್ಮಾ ತಗದು ತಿಜೋರ್ಯಾಗ ಇಟ್ಟಬಿಟ್ಟಾರ್ರಿ.

ಹಂಗಲ್ಲ ಅದು. ಬೆಳಕು ಗಾಜಿನೊಳಗ ಹೋಗೂಮುಂದ ಸ್ಲೋ ಆಗತೈತಿ, ಓರೆ ಬಿದ್ರ ಬಾಗತೈತಿ, ಲೆನ್ಸ್ ಮಾಡೂದು ಅಷ್ಟ. ದೂರಿಂದು ಕಾಣದವರ ಕಣ್ಣಗುಡ್ಡಿ ಸಾಮಾನ್ಯವಾಗಿ ಒಂಚೂರು ಉದ್ದ ಇರತೈತಿ, ಹಿಂಗಾಗಿ ಕಿರಣ ರೆಟಿನಾ (ಕಣ್ಣಿನ ಹಿಂದಿನ ಪರದೆ) ಮುಟ್ಟೂಕಿಂತ ಮೊದಲ ಕೂಡಿಬಿಡತಾವು, ನಡುವ ತೆಳ್ಳಗ ಅಂಚಿಗೆ ದಪ್ಪ ಇರೂ ಮೈನಸ್ ಲೆನ್ಸ್ ಅವನ್ನ ಸ್ವಲ್ಪ ಅಗಲಿಸಿ ಆ ಜಾಗಾ ಹಿಂದಕ್ಕ ಸರಸತೈತಿ. ಮೈನಸ್ 2 ಅಂದ್ರ ಚಷ್ಮಾ ಇಲ್ದ ಅರ್ಧ ಮೀಟರ್ ತನಕ ಅಷ್ಟ ಕ್ಲಿಯರ್, ಗೋಳಗುಮ್ಮಟ ಕಂಡ್ರೂ ಅಂಚೆಲ್ಲಾ ಮಸುಕ ಮಸುಕ. ಪ್ಲಸ್ ಲೆನ್ಸ್ ಇದರ ಉಲ್ಟಾ. ನಲವತ್ತಾದ ಮ್ಯಾಲ ಕಣ್ಣೊಳಗಿನ ಲೆನ್ಸ್ ಬಿರುಸಾಗಿ ಹತ್ತಿರದ್ದು ಕಾಣೂದಿಲ್ಲ, ಅವಾಗ ಅದು ಬೇಕು (ಚಾಳೀಸ ಅನ್ನೂದು ಮರಾಠಿ ನಲವತ್ತ ನೋಡ್ರಿ). ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಂದು ದಿಕ್ಕಿಗೆ ಜಾಸ್ತಿ ಬಾಗಿದ್ರ, ಅದನ್ನ ಸರಿ ಮಾಡೂ ಪವರ್ ಸಿಲಿಂಡರ್ ನಂಬರ್.

ಮತ್ತ ನಂಬರ್ ಯಾಕ ಏರತೈತಿ? ಹುಡುಗ ಬೆಳೀತಾನ, ಕಣ್ಣಗುಡ್ಡಿನೂ ಉದ್ದ ಆಗತೈತಿ. ಪ್ಯಾಂಟ್ ಗಿಡ್ಡ ಆದ್ರ ಪ್ಯಾಂಟಿಗೆ ಬೈತೀವೇನು? 2002ರಾಗ ಮಲೇಷಿಯಾದ ಒಂದು ಅಧ್ಯಯನದಾಗ ಬೇಕಂತಲೇ ಕಡಿಮಿ ಪವರ್ ಕೊಟ್ಟ ಮಕ್ಕಳಿಗೇ ನಂಬರ್ ಜಾಸ್ತಿ ಏರಿತ್ತು. ಬಿಸಲಾಗ ಹೊರಗ ಆಡಿದ್ರ ಮೈನಸ್ ಬರೂದು ಕಡಿಮಿ ಆಗತೈತಿ, ಅದು ಮಾತ್ರ ಖರೆ.

ಅತ್ತಿ, ತಿಜೋರಿ ಕೀಲಿ ಕೊಡ್ರಿ, ನಾಳೆ ಅವಂದು ಪರೀಕ್ಷಾ ಐತಿ.